ಊಟ ಬಿಟ್ಟ ಹಾವು

ಐರ್ಲೆಂಡಿನ ಕಾಡುಮೇಡುಗಳಲ್ಲಿ ಹಾವಿಲ್ಲ. ಹಾಗಾಗಿ ಭಾರತದಿಂದ ಬಂದವರಿಗೆಲ್ಲ ಹಾವಿನ ವಿಷಯ ಗೊತ್ತಿರುತ್ತದೆ ಎಂದು ಇಲ್ಲಿನವರು ಧಾರಾಳವಾಗಿ ನಂಬುತ್ತಾರೆ. ಆ ನಂಬಿಕೆ ಕೆಡಿಸುವ ಧೈರ್ಯ ನನಗೆ ಬರಲಿಲ್ಲ. ಎಲ್ಲ ಶುರುವಾದದ್ದೇ ಅಲ್ಲಿಂದ.

ನಾವಿರುವ ಟಾಲಾ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯವರು ನೋಯೆಲ್. ಎಪ್ಪತ್ತು ದಾಟಿದ, ಒಬ್ಬರೇ ಇರುವ ನಿವೃತ್ತ ಬಸ್ ಡ್ರೈವರ್. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬಾಗಿಲು ತಟ್ಟಿ, ದಿಂಬಿನ ಕವರೊಂದನ್ನು ನನ್ನ ಮುಂದೆ ಹಿಡಿದರು. ಪಾರ್ಕಿನ ಬೇಲಿಯ ಹತ್ತಿರ ಯಾರೋ ಬಿಟ್ಟು ಹೋಗಿದ್ದರಂತೆ. ಒಳಗೆ ಹೆಬ್ಬೆರಳು ದಪ್ಪದ ಕಿತ್ತಳೆ ಬಣ್ಣದ ಹಾವು, ಚಳಿಗೆ ಮರಗಟ್ಟಿತ್ತು.

"ನಿಂಗೆ ಇವೆಲ್ಲ ಗೊತ್ತಿರ್ಬೇಕಲ್ಲ?" ಎಂದರು.

ಮೈಸೂರಿನಲ್ಲಿ ಬೆಳೆದ ನಾನು ಹಾವನ್ನು ಹತ್ತಿರದಿಂದ ನೋಡಿದ್ದು ಮೃಗಾಲಯದ ಗಾಜಿನಾಚೆ ಮಾತ್ರ. ಆದರೂ "ಗೊತ್ತು, ಗೊತ್ತು" ಎಂದುಬಿಟ್ಟೆ.

ಪ್ರಾಣಿವೈದ್ಯೆ ಪರೀಕ್ಷಿಸಿ, ಇದು ಯಾರೋ ಸಾಕಿದ್ದ ಕಾರ್ನ್ ಸ್ನೇಕ್, ವಿಷವಿಲ್ಲ, ಆದರೆ ತುಂಬ ದಿನದಿಂದ ತಿಂದಿಲ್ಲ ಎಂದರು. ಪೆಟ್ಟಿಗೆಯ ಒಂದು ಬದಿ ಬೆಚ್ಚಗಿರಬೇಕು, ಅಡಗಲು ಗೂಡು ಬೇಕು, ನೀರು ಬೇಕು. ಒಂದು ವಾರ ಮುಟ್ಟಬಾರದು. ಆಮೇಲೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿಸಿದ ಸತ್ತ ಇಲಿಮರಿಯೊಂದನ್ನು ಬಿಸಿನೀರಲ್ಲಿ ಬೆಚ್ಚಗಾಗಿಸಿ ಇಡಬೇಕು. ತಿನ್ನದಿದ್ದರೆ ಮತ್ತೊಂದು ವಾರ ಬಿಟ್ಟು ನೋಡಬೇಕು. ಇನ್ನೂ ತೂಕ ಇಳಿದರೆ ಉಳಿಯುವುದು ಕಷ್ಟ. "ಇಷ್ಟು ಮಾಡಿ. ಬೇರೇನೂ ಮಾಡಬೇಡಿ" ಎಂದರು.

ಬೇರೇನೂ ಮಾಡದಿರುವುದು ನನ್ನ ಜಾಯಮಾನವಲ್ಲ. ಕುಕ್ಕರ್ ಪಕ್ಕ ನಿಂತು ಸೀಟಿ ಎಣಿಸುವವನು ನಾನು. ಟ್ರಾಮ್ ಮೂರು ನಿಮಿಷದಲ್ಲಿ ಬರುತ್ತದೆಂದು ಬೋರ್ಡು ಹೇಳುತ್ತಿದ್ದರೂ ಹಳಿಯತ್ತ ಕತ್ತು ಚಾಚುವವನು. ಮನೆಯಿಂದಲೇ ಆಫೀಸು ಕೆಲಸ. ಒಂದು ಮೀಟಿಂಗ್ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಎದ್ದು ಹೋಗಿ ಮುಚ್ಚಳ ಎತ್ತಿ ಇಣುಕುತ್ತಿದ್ದೆ. ಉಸಿರಾಡುತ್ತಿದೆಯೇ? ಮಲಗಿದೆಯೇ? ಹಾವಿಗೆ ರೆಪ್ಪೆಯಿಲ್ಲವಾದ್ದರಿಂದ ನಿದ್ದೆಯೋ ಎಚ್ಚರವೋ ಒಂದೂ ತಿಳಿಯದು. ಹೊರಗೆ ಕಾಣುವ ಕಿವಿಯೂ ಇಲ್ಲ, ಆದರೆ ನೆಲದ ಕಂಪನ ಅದರ ದವಡೆಗೆ ತಲುಪುತ್ತದೆ ಎಂದು ಓದಿದೆ. ಓದುತ್ತಲೇ ಪೆಟ್ಟಿಗೆಯ ಸುತ್ತ ನಾಲ್ಕು ಸಲ ಓಡಾಡಿದೆ.

ಮೊದಲ ಇಲಿಯನ್ನು ಅದು ಮೂಸಿಯೂ ನೋಡಲಿಲ್ಲ. ಎರಡನೆಯದನ್ನು ಕಂಡು ಗೂಡಿನೊಳಗೆ ಸರಿಯಿತು. ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ನನಗೂ ಊಟ ಸೇರದಾಯಿತು.

"ರೀ, ಫ್ರೀಜರಲ್ಲಿ ತೆಂಗಿನ ತುರಿ ಪಕ್ಕ ಇಲಿ ಇಟ್ಟಿದ್ದೀರಲ್ಲ, ಊಟ ಹೇಗ್ ಸೇರತ್ತೆ?" ಎಂದಳು ನನ್ನ ಹೆಂಡತಿ ಸುಮನಾ. ಅವಳು ಆಸ್ಪತ್ರೆಯಲ್ಲಿ ಡಾಕ್ಟರ್. ಗಾಬರಿಯಾಗುವುದು ಅವಳಿಗೆ ಗೊತ್ತೇ ಇಲ್ಲ.

ಮೂರನೆಯ ವಾರ ಒಂದು ಮಧ್ಯಾಹ್ನ ಇಣುಕಿದರೆ ಪೆಟ್ಟಿಗೆ ಖಾಲಿ. ಹಿಂದಿನ ಸಲ ಇಣುಕಿದಾಗ ಮುಚ್ಚಳದ ಕ್ಲಿಪ್ ಹಾಕಿರಲಿಲ್ಲ! ಓಡಿಹೋಗಿ ನೋಯೆಲ್‌ರನ್ನು ಕರೆತಂದೆ. ಇಬ್ಬರೂ ಮಂಡಿಯೂರಿ ಸೋಫಾ, ಶೂ, ವಾಷಿಂಗ್ ಮೆಷಿನ್ನಿನ ಹಿಂದೆಲ್ಲ ಹುಡುಕಿದೆವು. ಬೆವರುತ್ತ ಹೇಳಿಬಿಟ್ಟೆ: "ನೋಯೆಲ್, ನಿಜ ಹೇಳ್ತೀನಿ, ನಂಗೆ ಹಾವಿನ ಬಗ್ಗೆ ಏನೂ ಗೊತ್ತಿಲ್ಲ."

"ಅದು ನಂಗೆ ಅವತ್ತೇ ಗೊತ್ತಾಯ್ತು" ಎಂದರು ಸೋಫಾದಡಿಯಿಂದಲೇ. "ನಿನ್ನ ಮುಖ ಸುಣ್ಣದ ಗೋಡೆ ಆಗಿತ್ತು."

"ಮತ್ತೆ ನಂಗ್ಯಾಕೆ ಕೊಟ್ರಿ?"

"ನಾನೂ ಹೆದರಿದ್ದೆ ಕಣಯ್ಯಾ. ಹತ್ತಿರ ಇದ್ದಿದ್ದು ನಿನ್ನ ಬಾಗ್ಲು."

ಕೊನೆಗೆ ಅದು ಸಿಕ್ಕಿದ್ದು ಹಾಟ್ ಪ್ರೆಸ್‌ನಲ್ಲಿ, ಅಂದರೆ ಬಿಸಿನೀರಿನ ಟ್ಯಾಂಕಿರುವ, ಟವೆಲ್ ಒಣಗಿಸುವ ಕಪಾಟಿನಲ್ಲಿ. ಟವೆಲುಗಳ ನಡುವೆ ಸುರುಳಿ ಸುತ್ತಿಕೊಂಡಿತ್ತು. ಎತ್ತಿಕೊಂಡೆ, ಬೆಚ್ಚಗಿತ್ತು, ಹಗುರವಾಗಿತ್ತು.

ಸಂಜೆ ಸುಮನಾ ಕೇಳಿ ನಕ್ಕಳು. "ನಿಮ್ಮಿಂದ ತಪ್ಪಿಸ್ಕೊಂಡಿದೆ ಅಷ್ಟೆ. ವಾರ್ಡಲ್ಲೂ ನೋಡ್ತೀನಿ ಇಂಥ ನೆಂಟರನ್ನ. ಪೇಷೆಂಟ್ ನಿದ್ದೆ ಮಾಡೋಕೂ ಬಿಡಲ್ಲ." ಪೆಟ್ಟಿಗೆಯನ್ನು ಮೇಲಿನ ಕೋಣೆಗೆ ಸಾಗಿಸಿ, ಹೊದಿಕೆ ಹೊದಿಸಿದಳು. ಶನಿವಾರ ತಾನೇ ಇಲಿ ಇಟ್ಟು ನನ್ನನ್ನು ಹೊರಗೆ ದಬ್ಬಿದಳು. "ನೋಯೆಲ್ ಜೊತೆ ವಾಕ್ ಹೋಗಿ. ಎರಡು ಗಂಟೆ ಬರ್ಬೇಡಿ."

ಸೋನೆ ಮಳೆಯಲ್ಲಿ ಪಾರ್ಕು ಸುತ್ತಿದೆವು. ನೋಯೆಲ್ ತಾವು ಓಡಿಸಿದ ಬಸ್ಸುಗಳ ಕಥೆ ಹೇಳಿದರು. ನಾನು ಹೂಂಗುಟ್ಟುತ್ತ ಗಡಿಯಾರ ನೋಡಿದೆ. ಅವರೂ ಕದ್ದು ನೋಡುತ್ತಿದ್ದುದು ಎರಡನೆಯ ಸುತ್ತಿನಲ್ಲಿ ಗೊತ್ತಾಯಿತು.

ಮರಳಿದಾಗ ಸುಮನಾ ಹೊದಿಕೆಯ ಅಂಚನ್ನು ಒಂದು ಕ್ಷಣ ಎತ್ತಿದಳು. ಇಲಿ ಇರಲಿಲ್ಲ. ಹಾವಿನ ನಡುಭಾಗದಲ್ಲಿ ಪುಟ್ಟ ಉಬ್ಬು.

"ಗ್ರ್ಯಾಂಡ್" ಎಂದರು ನೋಯೆಲ್. ಒದ್ದೆ ಕೋಟಿನಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು, ಇನ್ನೊಮ್ಮೆ ಮೆಲ್ಲಗೆ "ಗ್ರ್ಯಾಂಡ್" ಎಂದರು.

ನನ್ನ ಮೂರು ವಾರದ ಉಪಚಾರದಿಂದ ಆಗದ ಕೆಲಸ, ನಾನಿಲ್ಲದ ಎರಡು ಗಂಟೆಯಲ್ಲಿ ಆಗಿತ್ತು. ಅವಮಾನವಾಗಬೇಕಿತ್ತು; ಕಣ್ಣು ತುಂಬಿ ಬಂತು. ಕೆಲವು ಜೀವಗಳನ್ನು ನೋಡಿಕೊಳ್ಳುವುದೆಂದರೆ ನೋಡದೆ ಇರುವುದೇ ಇರಬೇಕು.

"ಅರಗೋವರೆಗೂ ಎರಡು ದಿನ ಈ ಕಡೆ ತಲೆ ಹಾಕ್ಬೇಡಿ" ಎಂದು ಸುಮನಾ ಬಾಗಿಲು ಮುಚ್ಚಿದಳು.

ಒಂದೂವರೆ ದಿನ ತಡೆದುಕೊಂಡೆ. ನನ್ನ ಮಟ್ಟಿಗೆ ಅದು ತಪಸ್ಸು.