ಹೆಬ್ಬಾತು ನೋಡಲು ಹೋದ ಭಾನುವಾರ

ಶನಿವಾರ ಊಟ ಮುಗಿಸಿ ಚಾಮರಾಜನಗರದಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿದೆ. ಯಳಂದೂರಿನಲ್ಲಿ ಕಾಫಿಗೆ ನಿಲ್ಲಿಸಿದರು. ಅಲ್ಲಿಂದ ಸ್ವಲ್ಪ ಆಚೆಗೆ ಮೈಸೂರು ಸೀಮೆ ಮುಗಿದು ಮದರಾಸು ಸೀಮೆ ಶುರು; ಕೊಳ್ಳೇಗಾಲ ಆಗಿನ್ನೂ ಮದರಾಸಿಗೆ ಸೇರಿತ್ತು, ಅಲ್ಲಿ ಪಾನನಿರೋಧ. ಗಡಿಯಲ್ಲಿ ಪೊಲೀಸಿನವನೊಬ್ಬ ಹತ್ತಿ, ಸಾರಾಯಿ ಇದೆಯೇ ಎಂದು ಎಲ್ಲರ ಗಂಟು ತಡಕಿದ. ನನ್ನ ಚೀಲದಲ್ಲಿ ದುರ್ಬೀನು ಸಿಕ್ಕಿತು.

"ಇದ್ಯಾತಕ್ಕೆ ಸಾ?"

ಹಕ್ಕಿ ನೋಡಲು ಎಂದೆ.

"ನಿಮ್ಮೂರಲ್ಲಿ ಅಕ್ಕಿ ಇಲ್ವಾ?" ಎಂದು ನಕ್ಕು ಇಳಿದ.

ಕೊಳ್ಳೇಗಾಲದಲ್ಲಿ ನನ್ನ ಗೆಳೆಯರೊಬ್ಬರು ಡ್ರಾಯಿಂಗ್ ಮೇಷ್ಟ್ರು. ಚಳಿಗಾಲದ ಭಾನುವಾರಗಳಲ್ಲಿ ಊರಿನ ಕೆಲವರನ್ನು ಕರೆದುಕೊಂಡು ಕೆರೆಗಳ ಕಡೆ ನಡೆಯುವುದು ಅವರ ರೂಢಿ. ಮರುದಿನ ಹೊರಟವರು ನಾಲ್ವರು. ಉಳಿದಿಬ್ಬರು ರೇಷ್ಮೆ ಸೀರೆ ನೇಯುವವರು: ಐವತ್ತು ದಾಟಿದ ನಂಜುಂಡಶೆಟ್ಟರು ಮತ್ತು ಅವರ ತಂಗಿಯ ಗಂಡ ರಾಚಶೆಟ್ಟರು. ಸೆರಗಿಗೆ ಹೊಸ ಹಕ್ಕಿಯ ಚಿತ್ತಾರ ಹುಡುಕಿ ಬಂದಿದ್ದರು. ಒಬ್ಬರು ಬರುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನಂಜುಂಡಶೆಟ್ಟರು ಮಗಳನ್ನು ತಂಗಿಯ ಮಗನಿಗೆ ಕೊಡದೆ ಹೊರಗೆ ಕೊಟ್ಟಂದಿನಿಂದ ಎರಡು ಮನೆಗೂ ಮಾತಿಲ್ಲವೆಂದು ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು.

ಧನಗೆರೆಯ ದಾರಿಯಲ್ಲಿ ದಟ್ಟ ಮಂಜು. ಶೆಟ್ಟರಲ್ಲಿ ಒಬ್ಬರು ರಸ್ತೆಯ ಎಡಕ್ಕೆ, ಇನ್ನೊಬ್ಬರು ಬಲಕ್ಕೆ ನಡೆದರು. ಕೆರೆ ತಲುಪುವಾಗ ಬಿಸಿಲು ಬಂತು. ಏರಿಯ ಮೇಲೆ ಕೂತು ಚಿತ್ರಾನ್ನ ತಿಂದೆವು. ಆಚೆ ದಡದಲ್ಲಿ ಹೆಬ್ಬಾತುಗಳ ಹಿಂಡು: ಬೂದು ಮೈ, ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಹಿಮಾಲಯದಾಚೆಯಿಂದ ಬಂದವು ಎಂದರು ಮೇಷ್ಟ್ರು. ಇದ್ದದ್ದು ಒಂದೇ ದುರ್ಬೀನು. ನಂಜುಂಡಶೆಟ್ಟರು ನೋಡಿ ನನಗೆ ಕೊಡುವರು, ನಾನು ರಾಚಶೆಟ್ಟರಿಗೆ ಕೊಡುವೆ.

ಪಟ್ಟೆ ಇನ್ನೂ ಚೆನ್ನಾಗಿ ಕಾಣಲಿ ಎಂದು ನಂಜುಂಡಶೆಟ್ಟರು ಪಂಚೆ ಎತ್ತಿ ಕಟ್ಟಿ ಜೊಂಡಿನ ಪಕ್ಕ ಇಳಿದರು. ತುಸು ದೂರ ಹೋಗುವಷ್ಟರಲ್ಲಿ ತೊಡೆಯವರೆಗೆ ಹೂತರು. ಕಾಲು ಕೀಳಲು ಒದ್ದಾಡಿದಂತೆಲ್ಲ ಇನ್ನೂ ಇಳಿದು, ಕೆಸರು ಸೊಂಟಕ್ಕೆ ಬಂತು. ಮೇಷ್ಟ್ರು ಹಗ್ಗ ತರಲು ಊರ ಕಡೆ ಓಡಿದರು. ನನಗೆ ಏನು ಮಾಡುವುದೆಂದೇ ತೋಚಲಿಲ್ಲ.

"ಅಲ್ಲಾಡ್ಬ್ಯಾಡ ಕಣ್ ಭಾವ! ಇಂದಕ್ಕೆ ಒರಗು!"

ರಾಚಶೆಟ್ಟರ ಕೂಗಿಗೆ ಹಿಂಡು ಪೂರ್ತಿ ಎದ್ದು ಹಾರಿತು. ಅವರು ಉಟ್ಟ ಪಂಚೆಯನ್ನೇ ಬಿಚ್ಚಿ ಒಂದು ತುದಿ ಎಸೆದು, ಕೆಸರಿನ ಮೇಲೆ ಬೋರಲು ಮಲಗಿದರು. "ಸಾ, ನನ್ ಕಾಲ್ ಇಡ್ಕಳಿ, ಬಿಡ್ಬ್ಯಾಡಿ" ಎಂದರು. ಹಿಡಿದು ಜಗ್ಗಿದೆ. ಊರಿನವರು ಹಗ್ಗ ಹಿಡಿದು ಬರುವ ಹೊತ್ತಿಗೆ ಮೂವರೂ ದಡದಲ್ಲಿ ಏದುಸಿರು ಬಿಡುತ್ತಿದ್ದೆವು.

ರಾಚಶೆಟ್ಟರು ಚಡ್ಡಿಯಲ್ಲೇ ನಿಂತು ಪಂಚೆ ಹಿಂಡುತ್ತಿದ್ದರು.

"ಪುಟ್ಟಿ ಎಂಗವ್ಳೆ?" ನಂಜುಂಡಶೆಟ್ಟರು ತಂಗಿಯನ್ನು ಕುರಿತು ಕೇಳಿದರು.

"ನಾನೇನ್ ಏಳ್ಲಿ? ನೀನೇ ಬಂದು ಕೇಳು."

ಹೆಬ್ಬಾತುಗಳು ಆ ದಿನ ತಿರುಗಿ ಬರಲಿಲ್ಲ. ಹಿಂದಿರುಗುವಾಗ ಇಬ್ಬರೂ ರಸ್ತೆಯ ಒಂದೇ ಬದಿಯಲ್ಲಿ ನಡೆದರು. ಊರು ಸೇರಿದ ಮೇಲೆ ನಂಜುಂಡಶೆಟ್ಟರು ತಮ್ಮ ಮನೆಯ ಕಡೆ ತಿರುಗದೆ ರಾಚಶೆಟ್ಟರ ಹಿಂದೆ ಹೋದರು. ಮೇಷ್ಟ್ರಿಗೆ ಹೋಗಿಬರುತ್ತೇನೆಂದು ಹೇಳಿ ನಾನು ಬಸ್ಸು ಹತ್ತಿದೆ. ನೇಕಾರರ ಬೀದಿಯ ಮುಂದೆ ಬಸ್ಸು ನಿಧಾನವಾಯಿತು. ಕಿಟಕಿಯಿಂದ ನೋಡಿದೆ. ಹೊಸ್ತಿಲ ಹೊರಗೆ ಒಬ್ಬ ಹೆಂಗಸು ಅಳುತ್ತ, ಬೈಯುತ್ತ, ಅಣ್ಣನ ಕಾಲಿಗೆ ಬಿಂದಿಗೆಯಿಂದ ನೀರು ಹುಯ್ಯುತ್ತಿದ್ದಳು.