ಅಪ್ಪನ ಜೊತೆಗಾರ

ಶಾಲೆಯ ವ್ಯಾನಿನಲ್ಲಿ ಒಬ್ಬರ ಮೇಲೊಬ್ಬರು ಕೂತು, ಕಿಟಕಿಗಾಗಿ ಜಗಳವಾಡಿ, ಡಬ್ಬಿಯಲ್ಲಿ ಉಳಿದ ಚಿತ್ರಾನ್ನವನ್ನು ಮನೆ ಬರುವಷ್ಟರಲ್ಲಿ ಹಂಚಿಕೊಂಡು ಮುಗಿಸುತ್ತಿದ್ದ ದಿನಗಳವು. ನಮ್ಮ ವ್ಯಾನಿಗೆ ಒದ್ದೆ ಸಾಕ್ಸು, ನಿಂಬೆಹಣ್ಣು, ಪೆನ್ಸಿಲ್ ಹೊಟ್ಟು ಎಲ್ಲ ಬೆರೆತ ಒಂದು ವಾಸನೆಯಿತ್ತು. ಅದನ್ನು ಓಡಿಸುತ್ತಿದ್ದವರು ನನ್ನ ಅಪ್ಪ.

ಸಿದ್ದಾಪುರದ ನಮ್ಮ ಮನೆಯ ಮುಂದೆ, ಆಮೇಲೆ ಮಕ್ಕಳನ್ನು ಹತ್ತಿಸಿಕೊಂಡ ಪ್ರತಿ ಕಡೆಯೂ, ಗಾಡಿ ಹೊರಡಿಸುವ ಮುಂಚೆ ಅಪ್ಪ ದಿನವೂ, "ಯೇಸಪ್ಪಾ, ಹೋಗೋಣ್ವಾ?" ಎನ್ನುತ್ತಿದ್ದರು. ಕಣ್ಣು ಮುಚ್ಚುತ್ತಿರಲಿಲ್ಲ, ಕೈ ಜೋಡಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತವರನ್ನು ಕೇಳಿದ ಹಾಗೆ, ಅಷ್ಟೇ. ಸಿಗ್ನಲ್ ಹಸಿರಾದರೆ "ಥ್ಯಾಂಕ್ಸ್ ಯೇಸಪ್ಪಾ". ಹನುಮಂತನಗರದ ಏರಿನಲ್ಲಿ ಗಾಡಿ ಏದುಸಿರು ಬಿಟ್ಟರೆ "ಸ್ವಲ್ಪ ತಳ್ಳು". ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಹಿಂದಿನ ಸೀಟಿನ ಶ್ರೀನಿಧಿಯಂತೂ ಅಪ್ಪನ ದನಿಯಲ್ಲೇ ಹೇಳಿ ತೋರಿಸುತ್ತಿದ್ದ. ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

"ಅಪ್ಪಾ, ವ್ಯಾನಲ್ಲಿ ಮನಸ್ಸಲ್ಲೇ ಹೇಳ್ಕೊ. ಎಲ್ರೂ ನಗ್ತಾರೆ," ಎಂದೆ ಒಮ್ಮೆ.

"ನಗ್ಲಿ ಬಿಡು ಪುಟ್ಟಿ. ಜೊತೇಲಿರೋರನ್ನ ಮಾತಾಡಿಸ್ದೆ ಹೆಂಗಿರೋದು?"

ಆ ವರ್ಷ ಮಳೆಗಾಲ ಜೋರಾಗಿತ್ತು. ಒಂದು ಸಂಜೆ ಶಾಲೆಯಿಂದ ವಾಪಸ್ಸು ಬರುವಾಗ, ಕತ್ರಿಗುಪ್ಪೆಯ ತಗ್ಗಿನಲ್ಲಿ ರಾಜಕಾಲುವೆ ಉಕ್ಕಿ ರಸ್ತೆಗೆ ನುಗ್ಗಿತು. ನೀರಿನ ನಡುವೆ ವ್ಯಾನ್ ನಿಂತುಹೋಯಿತು. ಎಷ್ಟು ಬಾರಿ ಕೀಲಿ ತಿರುಗಿಸಿದರೂ ಎಂಜಿನ್ ಕೆಮ್ಮಿ ಸುಮ್ಮನಾಗುತ್ತಿತ್ತು. ಕೆಸರು ನೀರು ಬಾಗಿಲ ಸಂದಿಯಿಂದ ಒಳಗೆ ಹರಿಯತೊಡಗಿತು. ಚಿಕ್ಕವರು ಅಳಲು ಶುರುಮಾಡಿದರು.

ಎದುರಿಗೆ ಎತ್ತರದ ಜಗಲಿಯಿದ್ದ ಹಳೆಯ ಮನೆ, ಗೌರಮ್ಮನವರದು. ಊರೆಲ್ಲ ಬಡಾವಣೆಯಾದ ಮೇಲೂ ಹಿತ್ತಲಲ್ಲಿ ಹಸು ಕಟ್ಟಿಕೊಂಡಿದ್ದ ಹೆಂಗಸು ಆಕೆ. "ಮಕ್ಳನ್ನ ಇಲ್ಲಿಗ್ ತತ್ತಾರಪ್ಪಾ!" ಎಂದು ಜಗಲಿಯಿಂದಲೇ ಕೂಗಿದರು.

ಅಪ್ಪ ಇಳಿದರು. ನೀರು ಮೊಣಕಾಲು ದಾಟಿತ್ತು. ಎಲ್ಲರಿಗಿಂತ ಪುಟ್ಟವಳನ್ನು ಹೆಗಲಿಗೇರಿಸಿಕೊಂಡು, ಕಾಲಲ್ಲಿ ತಡಕುತ್ತ ಹೆಜ್ಜೆಯಿಟ್ಟರು. "ಯೇಸಪ್ಪಾ, ಇಲ್ಲಿ ಗುಂಡಿ ಇದೆ ಅನ್ಸುತ್ತೆ, ನೋಡ್ಕೋ... ಕಾಲು ಜಾರ್ತಿದೆ, ಹಿಡ್ಕೋ..." ಮಳೆಯ ಸದ್ದಿಗೆ ಅಪ್ಪನ ದನಿಯೂ ಏರಿತ್ತು.

ಮಗುವನ್ನು ಇಳಿಸಿಕೊಳ್ಳುತ್ತ ಗೌರಮ್ಮ ಕೇಳಿದರು, "ಯಾರ್ ಜೊತೆ ಮಾತಾಡ್ತಿದ್ದೀಯಪ್ಪಾ?"

"ನಮ್ ದೇವ್ರ ಜೊತೆ ಅಕ್ಕಾ."

"ನಿಲ್ಲಿಸ್ಬೇಡ. ಇನ್ನೂ ಮಕ್ಳವೆ."

ಅಪ್ಪ ನಿಲ್ಲಿಸಲಿಲ್ಲ. ಒಬ್ಬೊಬ್ಬರನ್ನೇ ಹೊತ್ತು ದಾಟಿಸಿದರು. ನಾನು ಕೈ ಚಾಚಿದಾಗಲೆಲ್ಲ, "ನೀನು ನಮ್ಮನೆ ಮಗಳು, ಕೊನೇಗೆ," ಎಂದು ಬೇರೆ ಮಗುವನ್ನು ಎತ್ತಿಕೊಂಡರು. ಶ್ರೀನಿಧಿಯೂ ಹೋದ ಮೇಲೆ ವ್ಯಾನಿನಲ್ಲಿ ಉಳಿದವಳು ನಾನೊಬ್ಬಳೇ. ಸೀಟಿನ ಮೇಲೆ ಕಾಲು ಮಡಚಿ ಕೂತೆ. ನೀರಿನ ಹೊಡೆತಕ್ಕೆ ಗಾಡಿ ಒಮ್ಮೆ ಅಲುಗಿತು. ಚರ್ಚಿನಲ್ಲಿ ಬಾಯಿಪಾಠ ಮಾಡಿದ್ದ ಒಂದು ಪ್ರಾರ್ಥನೆಯೂ ಆಗ ನೆನಪಿಗೆ ಬರಲಿಲ್ಲ. "ಯೇಸಪ್ಪಾ, ಅಪ್ಪ ಬರೋವರ್ಗೂ ನನ್ ಪಕ್ಕದಲ್ಲೇ ಕೂತ್ಕೊಂಡಿರು," ಎಂದುಬಿಟ್ಟೆ. ಹೇಳಿದ ಮೇಲೆ ಭಯ ಹೋಯಿತು ಅಂತಲ್ಲ. ಆದರೆ ಒಂಟಿ ಅನ್ನಿಸಲಿಲ್ಲ.

ಅಪ್ಪ ಬಂದು ನನ್ನನ್ನೂ ಎತ್ತಿಕೊಂಡು ದಾಟಿಸಿದರು. ಜಗಲಿಯ ಮೇಲೆ ಗೌರಮ್ಮ ಹಳೆಯ ಸೀರೆಯಲ್ಲಿ ನಮ್ಮ ತಲೆ ಒರೆಸಿ, ನೊರೆ ನೊರೆಯಾದ ಬಿಸಿ ಹಾಲು ಕೊಟ್ಟರು. ಒಲೆಯ ಹೊಗೆ ವಾಸನೆಯ ಅಂಥ ಹಾಲನ್ನು ನಾನು ಮತ್ತೆ ಕುಡಿದಿಲ್ಲ. ಸುದ್ದಿ ತಿಳಿದು ಮಕ್ಕಳ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಓಡಿ ಬಂದರು. ಶ್ರೀನಿಧಿ ತನ್ನ ಅಮ್ಮನಿಗೆ, "ಅಂಕಲ್ ಸಖತ್ತಾಗಿ ಎತ್ಕೊಂಡ್ ಬಂದ್ರು ಗೊತ್ತಾ!" ಎಂದು ಕೈ ಆಡಿಸಿ ವಿವರಿಸುತ್ತಿದ್ದ. "ಅವರು ನಮ್ಮಪ್ಪ," ಎಂದೆ ನಾನು, ಎಲ್ಲರಿಗೂ ಗೊತ್ತಿದ್ದರೂ, ಗಟ್ಟಿಯಾಗಿ.

ರಿಪೇರಿಯಾಗಿ ಬಂದ ವ್ಯಾನಿನಲ್ಲಿ ಮೊದಲ ಬೆಳಿಗ್ಗೆ ಅಪ್ಪನ ಮಾತಿಗೆ ಯಾರೂ ನಗಲಿಲ್ಲ. ಒಂದು ಕಡೆ ಅಪ್ಪ ಏನೋ ಯೋಚನೆಯಲ್ಲಿ ಯೇಸಪ್ಪನನ್ನು ಕೇಳದೆಯೇ ಗಾಡಿ ಹೊರಡಿಸಲು ಹೋದಾಗ, "ಅಂಕಲ್, ಕೇಳೇ ಇಲ್ಲ ನೀವು!" ಎಂದವನು ಶ್ರೀನಿಧಿಯೇ.

ಅಪ್ಪ ಈಗಿಲ್ಲ. ಬನಶಂಕರಿಯಲ್ಲಿ ಯಾರಾದರೂ "ನೀವು ವ್ಯಾನ್ ಅಂಕಲ್ ಮಗಳಲ್ವಾ?" ಎಂದರೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ನಾನೂ ದೇವರನ್ನು ಮರೆತವಳಲ್ಲ. ಭಾನುವಾರ ಚರ್ಚು ತಪ್ಪಿಸುವುದಿಲ್ಲ, ಮಲಗುವ ಮುಂಚೆ ಮಂಡಿಯೂರುತ್ತೇನೆ. ಆದರೆ ಇವುಗಳ ನಡುವಿನ ಹೊತ್ತೆಲ್ಲ ಆತನನ್ನು ಮಾತಾಡಿಸದೆಯೇ ನನ್ನ ಕೈಯಿಂದ ಜಾರಿಹೋಗುತ್ತದೆ. ಅಪ್ಪನಿಗೆ ನಡುವಿನ ಹೊತ್ತು ಎಂಬುದೇ ಇರಲಿಲ್ಲ.