ಮಾಸ್ತರರ ಚೌಕ

ನಮ್ಮ ಬೆಟಗೇರಿ ಓಣಿಯ ಡ್ರಾಯಿಂಗ್ ಮಾಸ್ತರರು ಏನು ಕೇಳಿದರೂ ಮೊದಲು ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, "ತಡೀರಿ, ನೋಡೂಣು" ಅನ್ನುತ್ತಿದ್ದರು. ಅವರ ಪಡಸಾಲೆಯಲ್ಲಿ ಲೋಹ ಕೊರೆಯುವ ಪುಟ್ಟದೊಂದು ಮಿಲ್ಲಿಂಗ್ ಮಷಿನ್ ಇತ್ತು. ಅದರ ಎರಡು ಹಿಡಿಕೆ ತಿರುಗಿಸಿ ಹಿತ್ತಾಳೆ ತಗಡಿನಲ್ಲಿ ಚೌಕ ಕೊರೆಯುವುದು ಅವರ ಹವ್ಯಾಸ. ಕೊನೆಯ ಗೆರೆ ಮೊದಲನೆಯದನ್ನು ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತಿತ್ತು.

ಎಂಬತ್ತರ ದಶಕದ ಕೊನೆಗೆ ಎಲ್ಲಿಂದಲೋ ಹಳೆಯ ಕಂಪ್ಯೂಟರ್ ತಂದು, ಹಿಡಿಕೆ ಬಿಚ್ಚಿ ಮೋಟಾರು ಕೂಡಿಸಿದರು. ಕಂಪ್ಯೂಟರ್ ಕೊರೆಸಿದ ಚೌಕ ಮಾತ್ರ ಮೂಲೆಯಲ್ಲಿ ಬಾಯಿ ತೆರೆದೇ ಇರುತ್ತಿತ್ತು.

"ತಗಡು ಸರಸೂ ಸ್ಕ್ರೂ ಸಡಿಲ ಐತಿ. ಹಿಂದಕ್ಕ ತಿರುಗೂವಾಗ ಸ್ವಲ್ಪ ಖಾಲಿ ತಿರಗತೈತಿ, ತಗಡು ಸರಿಯೂದಿಲ್ಲ" ಅಂದರು.

"ಮೊದಲೂ ಸಡಿಲನ ಇತ್ತಲ್ರಿ, ಮಾಸ್ತರ?" ಅಂದೆ ನಾನು.

"ಇತ್ತು. ಅದಕ್ಕ ನನ್ನ ಕೈ ಏನೋ ಮಾಡತಿತ್ತು. ಅದನ್ನ ಕಂಪ್ಯೂಟರಿಗೆ ಹೇಳಬೇಕು. ಏನ್ ಮಾಡತಿತ್ತು ಅನ್ನೂದು ನನಗ ಗೊತ್ತಿಲ್ಲ."

ಮತ್ತೆ ಹಿಡಿಕೆ ಹಾಕಿ, ತಮ್ಮ ಕೈಯನ್ನೇ ಬೇರೆಯವರದೆಂಬಂತೆ ನೋಡುತ್ತ ತಿರುಗಿಸಿದರು. ಚೌಕ ಕೂಡಲಿಲ್ಲ. ಇನ್ನೊಮ್ಮೆ ತಿರುಗಿಸಿದರು, ಆಗಲೂ ಕೂಡಲಿಲ್ಲ. ಕನ್ನಡಕ ತೆಗೆದರು, ಒರೆಸುವುದನ್ನು ಮರೆತರು.

"ನೀವು ಏನರ ಮಾತಾಡ್ರಿ" ಅಂದರು. "ನಾ ಕೈ ನೋಡಬಾರದು."

ನಾನು ಜೋಳದ ಬೆಳೆಯ ಮಾತು ತೆಗೆದೆ. ಅವರು ನನ್ನ ಮುಖವನ್ನೇ ನೋಡುತ್ತ ತಿರುಗಿಸತೊಡಗಿದರು. ಅವರ ಕೈಯನ್ನು ನಾನಾದರೂ ನೋಡಬಹುದೋ, ಬಾರದೋ ತಿಳಿಯದೆ ಮಾತಾಡುತ್ತಲೇ ಇದ್ದೆ.